ಸೈರನ್ ಇಲ್ಲದ ನೀರು

ಸಮುದ್ರಕ್ಕೆ ಹೋಗಬೇಕು ಅಂತ ಹಟ ಹಿಡಿದವಳು ನಾನು. ಯಾವ ಸಮುದ್ರಕ್ಕೆ ಅನ್ನುವುದಕ್ಕೆ ಮನೆಯಲ್ಲಿ ಒಂದು ತಿಂಗಳು ಜಗಳ ನಡೆಯಿತು. ಆಗ ಕೊಪ್ಪಳ ಹೊಸ ಜಿಲ್ಲೆಯಾಗಿ ಆರೇಳು ವರ್ಷವಾಗಿತ್ತು. ನಾವು ಮುನಿರಾಬಾದಿನ ಡ್ಯಾಮ್ ಕಾಲೊನಿಯಲ್ಲಿ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಇದ್ದೆವು. ನಾನು, ನಮ್ಮ ಮನೆಯವರು, ಅತ್ತೆ, ಒಂದನೇ ತರಗತಿ ಮುಗಿಸಿದ ಮಗಳು, ವರ್ಷ ತುಂಬಿದ ಮಗ. ಮನೆಯವರಿಗೆ ನೀರಾವರಿ ಇಲಾಖೆಯಲ್ಲಿ ಸಣ್ಣ ಕೆಲಸ. ಕಾಲುವೆಯಲ್ಲಿ ನೆಟ್ಟ ಅಳತೆಯ ಪಟ್ಟಿ ನೋಡಿ, ನೀರು ಎಷ್ಟು ಏರಿದೆ, ಎಷ್ಟು ಇಳಿದಿದೆ ಅಂತ ಬರೆದುಕೊಂಡು ಆಫೀಸಿಗೆ ತಿಳಿಸುವುದು. ಅದಕ್ಕೆ ಗೇಜ್ ಓದುವುದು ಅನ್ನುತ್ತಿದ್ದರು.

ನಾನು ಮನೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದೆ. ಹೊಲಿಗೆ ಯಂತ್ರದ ಪೆಡಲಿನ ಮೇಲೆ ಕಾಲಿಟ್ಟಾಗ ಮಾತ್ರ ಒಂದು ಕಡೆ ಕೂರುತ್ತಿದ್ದೆ. ಮಿಕ್ಕ ಹೊತ್ತಿನಲ್ಲಿ ಒಳಗೊಂದು ಕಾಲು, ಹೊರಗೊಂದು ಕಾಲು. "ಇಕಿ ಕಾಲಾಗ ಚಕ್ರ ಐತಿ" ಅಂತ ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ಸುಳ್ಳಲ್ಲ. ಅನ್ನಕ್ಕಿಟ್ಟ ನೀರು ಕುದಿಯುವವರೆಗೂ ಕಾಯಲಾರದೆ ಮೂರು ಸಲ ಮುಚ್ಚಳ ತೆಗೆದು ನೋಡುವವಳು ನಾನು.

ಸಮುದ್ರ ಯಾಕೆ ಅಂತ ಕೇಳಿದವರಿಗೆಲ್ಲ ಬೇಸಿಗೆ ರಜೆ, ಮಕ್ಕಳಿಗೆ ತೋರಿಸಬೇಕು ಅಂದೆ. ನಿಜ ಬೇರೆ ಇತ್ತು.

ದಸರೆಗೆ ಮುಂಚೆ ಮನೆಯ ಹಾಸಿಗೆ ಹೊದಿಕೆಯೆಲ್ಲ ಹೊಳೆಗೆ ಹೊತ್ತು ಒಗೆದು ತರುವುದು ನಮ್ಮ ಕಡೆಯ ರೂಢಿ. ಬಾಗಿಲಿಗೇ ನಲ್ಲಿ ಇದ್ದರೂ ಕೌದಿಗೆ ಹೊಳೆಯೇ ಆಗಬೇಕು. ಹಿಂದಿನ ದಸರೆಗೆ ನಾನು ಮಗನನ್ನು ಅತ್ತೆಯ ಹತ್ತಿರ ಬಿಟ್ಟು ಮಗಳನ್ನು ಕರೆದುಕೊಂಡು ಡ್ಯಾಮಿನ ಕೆಳಗಿನ ಹೊಳೆಗೆ ಹೋಗಿದ್ದೆ. ಗೇಟು ತೆಗೆದು ನೀರು ಬಿಡುವ ಮುಂಚೆ ಸೈರನ್ ಹೊಡೆಯುತ್ತಾರೆ. ಅದು ಕೂಗಿದರೆ ಹೊಳೆಯಲ್ಲಿದ್ದವರು ದಡ ಹತ್ತಬೇಕು. ಅವತ್ತೂ ಕೂಗಿತು. ಎದ್ದು, ಬಟ್ಟೆ ಹಿಂಡಿಕೊಂಡು, ನಿಧಾನಕ್ಕೆ ಹೋಗುವಷ್ಟು ಹೊತ್ತು ಇತ್ತು. ಉಳಿದ ಹೆಂಗಸರೆಲ್ಲ ಹಾಗೇ ಹೋದರು. ನನಗೆ ಆ ತಾಳ್ಮೆ ಎಲ್ಲಿಯದು?

ಒಂದು ಕೈಯಲ್ಲಿ ನೀರು ಕುಡಿದು ಕಲ್ಲಾಗಿದ್ದ ಕೌದಿ. ಇನ್ನೊಂದು ಕೈಯಲ್ಲಿ ಮಗಳ ಬಲಗೈ. ಬಂಡೆಯ ಸಂದಿಯಲ್ಲಿ ಮೀನಿನ ಮರಿ ನೋಡುತ್ತಿದ್ದ ಅವಳು ಏಳಲಿಲ್ಲ. ನಾನು ಕೌದಿ ಬಿಡಲಿಲ್ಲ, ಅವಳ ಕೈ ಜಗ್ಗಿದೆ. ಒಂದೇ ಜಗ್ಗು. ಟಕ್ ಅಂದದ್ದು ಅವಳು ಚೀರುವ ಮುಂಚೆ ನನ್ನ ಕೈಗೆ ಗೊತ್ತಾಯಿತು.

ಎಲುಬು ಕೂಡಿಸುವ ಅಜ್ಜ ಅರ್ಧ ನಿಮಿಷದಲ್ಲಿ ಮೊಣಕೈ ಕೀಲು ಕೂಡಿಸಿದ. ಮೂರು ದಿನಕ್ಕೆ ಮಗಳು ಅದೇ ಕೈಯಲ್ಲಿ ಬಳಪ ಹಿಡಿದಳು, ವಾರಕ್ಕೆ ಗೋಲಿ ಆಡಿದಳು. ಆದರೆ ಆ ಕೈಯನ್ನು ನನಗೆ ಕೊಡುವುದು ಬಿಟ್ಟಳು. ರಸ್ತೆ ದಾಟುವಾಗ ಸುತ್ತು ಹಾಕಿ ನನ್ನ ಬಲಕ್ಕೆ ಬಂದು ಎಡಗೈ ಕೊಡುತ್ತಿದ್ದಳು. ಬಲಗೈಗೆ ಬಳೆ ಹಾಕಲು ಆಯಿಯೇ, ಅಂದರೆ ಅಜ್ಜಿಯೇ ಬೇಕು. ಮೊದಲೆಲ್ಲ ಅಪ್ಪನ ಸೈಕಲ್ಲಿನಲ್ಲಿ ಗೇಜ್ ನೋಡಲು ಹೋಗಿ, ಪಟ್ಟಿಯ ಗೆರೆಗಳನ್ನು ಎಣಿಸಿ ಅಪ್ಪನಿಗಿಂತ ಮೊದಲು ಕೂಗಿ ಹೇಳುತ್ತಿದ್ದ ಹುಡುಗಿ ಈಗ ಕಾಲುವೆಯ ಕಡೆ ತಲೆ ಹಾಕುತ್ತಿರಲಿಲ್ಲ. ಸೈರನ್ ಕೂಗಿದರೆ ಮಂಚದ ಕೆಳಗೆ ಹೋಗಿ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಎಲ್ಲರೂ ಅವಳಿಗೆ ನೀರಿನ ಭಯ ಹತ್ತಿದೆ ಅಂದರು. ಭಯ ಯಾರದ್ದು ಅಂತ ನನಗೆ ಗೊತ್ತಿತ್ತು.

ನಾನು ಯಲಬುರ್ಗಾ ಕಡೆಯ ಎರೆ ಭೂಮಿಯವಳು. ಮದುವೆಯಾಗಿ ಇಲ್ಲಿಗೆ ಬರುವವರೆಗೆ ಕೊಡದಲ್ಲಿ ಹೊರುವಷ್ಟು ನೀರನ್ನು ಮಾತ್ರ ಕಂಡವಳು. ಆದರೂ ನೀರಿನ ವಿಷಯದಲ್ಲಿ ಒಂದು ಲೆಕ್ಕ ಹಾಕಿದೆ. ಹೊಳೆ, ಕಾಲುವೆ, ಡ್ಯಾಮು, ನಮ್ಮ ಸುತ್ತಲಿನ ನೀರಿಗೆಲ್ಲ ಒಂದೋ ಗೇಟು, ಇಲ್ಲವೇ ಸೈರನ್. ಎರಡೂ ಇಲ್ಲದ ನೀರಿನಲ್ಲಿ ಒಂದು ಸಲ ಅವಳು ನನ್ನ ಕೈ ಹಿಡಿದು ಆಡಿಬಿಟ್ಟರೆ ಎಲ್ಲ ಸರಿಹೋಗುತ್ತದೆ. ಅಂಥ ನೀರು ಅಂದರೆ ಸಮುದ್ರ. ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ಅವತ್ತಿನ ಕೌದಿಯ ಮಾತೂ ಹೇಳಬೇಕಾಗುತ್ತಿತ್ತು.

ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಗೋಡೆಯ ಮೇಲೆ ಬರೆದೆ: ಗೋವಾ, ಗೋಕರ್ಣ, ಕಾರವಾರ, ಮುರ್ಡೇಶ್ವರ, ಮಲ್ಪೆ. ದಿನಾ ಒಂದು ಅಳಿಸುವುದು, ಸಂಜೆಗೆ ಮತ್ತೆ ಬರೆಯುವುದು. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವ ನನ್ನ ತಮ್ಮ ಬಂದು ಗೋವಾದ ಮುಂದೆ ಎರಡು ಗೆರೆ ಎಳೆದ. "ಅಕ್ಕಾ, ಇಲ್ಲೇ ರೈಲು ಹತ್ತಿದ್ರ ಸೀದಾ ಅಲ್ಲೇ ಇಳಿಯೂದು. ಬ್ಯಾರೆ ಊರೆಲ್ಲ ಒರಸಿ ಹಾಕು" ಅಂದ. ಅವನು ಗೆಳೆಯರ ಜೊತೆ ಹೋಗಿ ಬಂದವನು. ಅಲ್ಲಿ ಏನು ನೋಡಿದೆ ಅಂತ ಅತ್ತೆ ಕೇಳಿದರೆ ನಕ್ಕು ನೀರು ಕುಡಿಯಲು ಒಳಗೆ ಹೋದ.

"ಗೋವಾಕ್ಕ ಹ್ವಾದೋರು ದೇವ್ರಿಗೆ ಕೈ ಮುಗದು ಬಂದಿದ್ದು ನಾ ಇನ್ನೂ ಕೇಳಿಲ್ಲ" ಅಂದರು ಅತ್ತೆ. ಅವರಿಗೆ ಗೋಕರ್ಣವೇ ಆಗಬೇಕು. ಗೋಕರ್ಣಕ್ಕೆ ಹೋದರೆ ಬೆಳಗಿನಿಂದ ದೇವಸ್ಥಾನದ ಸಾಲಿನಲ್ಲೇ ನಿಲ್ಲಬೇಕು, ಮಕ್ಕಳನ್ನು ಎತ್ತಿಕೊಳ್ಳುವವರು ಯಾರು ಅಂತ ನಾನು. ಮುರ್ಡೇಶ್ವರ, ಮಲ್ಪೆ ದೂರ. ಜೀಪು ಮಾಡಿಕೊಂಡು ಹೋಗುವ ಸ್ಥಿತಿ ನಮ್ಮದಲ್ಲ. ಕಾರವಾರದಲ್ಲಿ ಲಾಡ್ಜಿಗೆ ಎಷ್ಟು ಕೇಳುತ್ತಾರೋ ಏನೋ.

ಮನೆಯವರು ಮಾತ್ರ ಚಾಪೆಯ ಮೇಲಿಂದ ಏಳದೆ ಹೇಳುತ್ತಿದ್ದರು, "ಮಳಿಗಾಲದಾಗ ನಮ್ಮ ಹಿನ್ನೀರ ನೋಡು. ಆಚಿ ದಂಡಿ ಕಾಣಂಗಿಲ್ಲ. ಅದಕ್ಕಿಂತ ಸಮುದ್ರ ಬೇಕೇನು? ಖರ್ಚು ಹತ್ತು ರೂಪಾಯಿ."

"ಅದಕ್ಕ ಗೇಟ್ ಅದಾವ್ರಿ" ಅಂದೆ.

"ಗೇಟ್ ಇದ್ರ ನಿನಗೇನ ತ್ರಾಸು?"

ಪೆಡಲ್ ಜೋರಾಗಿ ತುಳಿದೆ, ಸೂಜಿ ಮುರಿಯಿತು.

ಆ ತಿಂಗಳು ನಾನು ಯಾರನ್ನೂ ನೆಮ್ಮದಿಯಾಗಿ ಇರಗೊಡಲಿಲ್ಲ. ಹೊಸಪೇಟೆಯ ಬಸ್ ನಿಲ್ದಾಣಕ್ಕೆ ಹೋಗಿ ಕಂಡಕ್ಟರುಗಳನ್ನು ಕೇಳಿದೆ. ನೀರು ಆಳ ಇರಬಾರದು, ಬಸ್ಸು ಹೆಚ್ಚು ಬದಲಿಸಬಾರದು, ಕೋಣೆ ಅಗ್ಗ ಇರಬೇಕು, ಮಕ್ಕಳಿಗೆ ಹಾಲು ಸಿಗಬೇಕು. "ಇಷ್ಟೆಲ್ಲ ಸಿಗೂ ಊರು ನನಗೂ ಹೇಳ್ರಿ ಬಾಯಾರ, ನಾನೂ ಬರ್ತೇನಿ" ಅಂದ ಒಬ್ಬ. ಹೊಲಿಯಬೇಕಾದ ಬ್ಲೌಸುಗಳು ಮೂಲೆಯಲ್ಲಿ ಗುಡ್ಡೆ ಬಿದ್ದವು. ಮದುವೆಗೆ ಬ್ಲೌಸ್ ಕೊಟ್ಟವರು ಬಾಗಿಲಿಗೆ ಬಂದು ಮುಖ ಕೆಡಿಸಿಕೊಂಡು ಹೋದರು.

ಕೊನೆಗೆ ಊರು ಗೊತ್ತುಮಾಡಿದ್ದು ಒಬ್ಬ ಲಾರಿ ಡ್ರೈವರ್. ಆಗ ಹೆದ್ದಾರಿಯಲ್ಲಿ ಹಗಲೂ ರಾತ್ರಿ ಕೆಂಪು ಅದಿರಿನ ಲಾರಿಗಳು ಬಂದರಿನ ಕಡೆ ಹೋಗುತ್ತಿದ್ದವು. ಅವುಗಳ ಧೂಳಿಗೆ ಬೈಯುತ್ತಿದ್ದೆನೇ ಹೊರತು ಎಲ್ಲಿಗೆ ಹೋಗುತ್ತವೆ ಅಂತ ಯೋಚಿಸಿರಲಿಲ್ಲ. ಒಂದು ದಿನ ಕೊಪ್ಪಳದಿಂದ ಬರುವಾಗ ಬಸ್ಸು ಕೆಟ್ಟು ಚಹಾದ ಅಂಗಡಿಯ ಮುಂದೆ ನಿಂತಿತು. ಬೆಂಚಿನಲ್ಲಿದ್ದ ಡ್ರೈವರನನ್ನು ಕೇಳಿದೆ.

"ಅಕ್ಕಾರ, ಇದ ರಸ್ತಾ ಹಿಡದು ಹೋಗ್ರಿ. ಎಲ್ಲೂ ಹೊಳ್ಳಬ್ಯಾಡ್ರಿ" ಅಂದ. "ಗದಗ ಆತು, ಹುಬ್ಬಳ್ಳಿ ಆತು, ಘಟ್ಟ ಇಳದ್ರ ಅಂಕೋಲಾ. ರಸ್ತಾ ಮುಗದಲ್ಲಿ ಸಮುದ್ರ. ಸಣ್ಣ ಸಣ್ಣ ಬೀಚ್ ಅದಾವ, ಗದ್ದಲ ಇಲ್ಲ. ಮಣಕಾಲಮಟ ನೀರಾಗ ಭಾಳ ದೂರ ನಡೀಬಹುದು. ಮೀನುಗಾರರ ಓಣ್ಯಾಗ ಉಳಿಯಾಕ ಖೋಲಿ ಕೊಡ್ತಾರ."

ಚಹಾದ ಅಂಗಡಿಯ ಪಕ್ಕದಲ್ಲೇ ಕಿಲೋಮೀಟರ್ ಕಲ್ಲಿತ್ತು. ಅದರ ಮೇಲೆ ಅಂಕೋಲಾ ಅಂತ ಬರೆದಿತ್ತು. ಎಂಟು ವರ್ಷ ಆ ಕಲ್ಲುಗಳ ಮುಂದೆ ಓಡಾಡಿದ್ದೆ. ಮನೆಗೆ ಬಂದವಳೇ ಗೋಡೆಯ ಮೇಲಿನ ಐದೂ ಊರು ಒರೆಸಿದೆ.

ಗೋಕರ್ಣ ತಪ್ಪಿದ್ದಕ್ಕೆ ಅತ್ತೆ ಒಂದು ಷರತ್ತು ಹಾಕಿದರು. "ಅಮಾಸಿ ದಿನ ಹೋಗೂದು. ಬ್ಯಾರೆ ದಿನ ಸುಮ್ಮಸುಮ್ಮನ ಸಮುದ್ರ ಮುಟ್ಟಬಾರದು. ಅಮಾಸಿ ದಿನ ಮುಳುಗಿದ್ರ ಪುಣ್ಯ." ನಮ್ಮ ಕಡೆ ಅಮಾವಾಸ್ಯೆ ಅಂದರೆ ಎತ್ತಿನ ಹೆಗಲಿಗೆ ನೊಗ ಇಡದ ದಿನ, ದೇವರಿಗೆ ಹೋಗುವ ದಿನ. ಯಾರೂ ಇಲ್ಲ ಅನ್ನಲಿಲ್ಲ. ಕ್ಯಾಲೆಂಡರಿನಲ್ಲಿ ಮೇ ತಿಂಗಳ ಅಮಾವಾಸ್ಯೆಗೆ ಸುತ್ತು ಹಾಕಿದೆ. ಹೋಟೆಲ್ ಖರ್ಚು ಉಳಿಯಲಿ ಅಂತ ಎರಡು ದಿನ ಕೂತು ಕಡಕ್ ರೊಟ್ಟಿ ಬಡಿದೆವು, ಶೇಂಗಾ ಚಟ್ನಿ ಕುಟ್ಟಿದೆವು. ಹಾಸಲು ಅದೇ ಕೌದಿ ತೆಗೆದುಕೊಂಡೆ. ಮನೆಯಲ್ಲಿ ಅಷ್ಟು ದೊಡ್ಡದು ಅದೊಂದೇ ಇತ್ತು.

ಅಮಾವಾಸ್ಯೆಯ ಬೆಳಿಗ್ಗೆ ಅಂಕೋಲಾದಲ್ಲಿ ಇಳಿದು, ಆಟೋ ಹಿಡಿದು, ಆರೂವರೆಯ ಹೊತ್ತಿಗೆ ಗಾಳಿಮರಗಳ ಸಾಲು ದಾಟಿ ನಿಂತಾಗ ಮೊದಲು ಕಂಡದ್ದು ನೀರಲ್ಲ, ಮರಳು. ಒದ್ದೆ ಮರಳು, ನಾಲ್ಕೆಕರೆ ಹೊಲದಷ್ಟು. ಅದರ ಆಚೆ ದೂರದಲ್ಲಿ ಸಮುದ್ರ ಸಣ್ಣಗೆ ಮಿಸುಕುತ್ತಿತ್ತು. ಇಷ್ಟಕ್ಕೇ ಒಂದು ತಿಂಗಳು ಕುದ್ದೆನಾ ಅನ್ನಿಸಿತು.

ಮನೆಯವರು ಕಾಲುವೆ ತಪಾಸಣೆಗೆ ಬಂದವರ ಹಾಗೆ ಸೊಂಟದ ಮೇಲೆ ಕೈಯಿಟ್ಟು ನೋಡಿದರು. "ಬ್ಯಾಸಿಗಿ ನೋಡು. ಸಮುದ್ರನೂ ಇಳದೈತಿ" ಅಂದರು.

ಯಾರೂ ನಗಲಿಲ್ಲ. ನಮಗೆ ಅದು ಸರಿಯಾಗಿಯೇ ಕಂಡಿತು. ನಮ್ಮಲ್ಲಿ ಮೇ ಬಂತೆಂದರೆ ಡ್ಯಾಮಿನ ಹಿನ್ನೀರು ಮೈಲಿಗಟ್ಟಲೆ ಹಿಂದೆ ಸರಿದು, ನೀರಿದ್ದ ಜಾಗದಲ್ಲಿ ಕುರಿ ಮೇಯುತ್ತವೆ. ಮೀನಿನ ದೋಣಿಗಳು ಒಣಗಿದ ರಾಡಿಯ ಮೇಲೆ ಒಂದು ಮಗ್ಗುಲಿಗೆ ಮಲಗಿ ಮಳೆಗಾಲಕ್ಕೆ ಕಾಯುತ್ತವೆ. ಹೊಸ ನೀರು ಬರುವವರೆಗೆ ಅಲ್ಲಿ ಕೂತರೂ ಮಲಗಿದರೂ ಭಯವಿಲ್ಲ. ಇಲ್ಲೂ ಮರಳಿನ ನಡುವೆ ಒಂದು ದೋಣಿ ಮಗ್ಗುಲಿಗೆ ವಾಲಿ ಕೂತಿತ್ತು, ಹಗ್ಗದ ತುದಿ ಮರಳಿನಲ್ಲಿ ಹೂತ ಲಂಗರಿಗೆ ಕಟ್ಟಿತ್ತು. "ಇದೂ ಮಳಿಗಾಲ ಕಾಯಾಕತ್ತೈತಿ" ಅಂದರು ಮನೆಯವರು. ಅದರ ನೆರಳಿನಲ್ಲಿ ಕೌದಿ ಹಾಸಿದೆವು.

ಮೀನಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಹೋಗುತ್ತಿದ್ದವಳು ನಿಂತಳು. "ಅಮಾ, ಮೇಲೆ ಹೋಗಿ ಕೂತ್ಕಳಿ. ಇವತ್ತು ಅಮಾಸೆ, ನೀರು ಜಾಸ್ತಿ ಏರ್ತದೆ" ಅಂದಳು.

ನನಗೆ ಸಿಟ್ಟು ಬಂತು. ಊರಿಗೆ ಬಂದು ಅರ್ಧ ತಾಸಾಗಿಲ್ಲ, ಆಗಲೇ ಬುದ್ಧಿ ಹೇಳುವವರು. "ನಾವು ಡ್ಯಾಮಿನ ಊರಿನವರ ಅದೀವ್ರಿ. ನೀರಿಂದು ನಮಗ ಹೇಳಬ್ಯಾಡ್ರಿ. ಮಳಿಗಾಲ ಇನ್ನೂ ದೂರ ಐತಿ" ಅಂದೆ. ಅವಳು ಬುಟ್ಟಿ ಸರಿಮಾಡಿಕೊಂಡು ಹೋದಳು.

ಅತ್ತೆ ತಮ್ಮ ಮಗನ ಕೈ ಹಿಡಿದು ಮೂರು ಸಲ ಮುಳುಗಿ ಬಂದರು. ಮಗಳು ದೋಣಿಗೆ ಅಂಟಿಕೊಂಡು ನಿಂತಿದ್ದಳು. "ಇಲ್ಲಿ ಸೈರನ್ ಎಲ್ಲೈತಿ?" ಅಂತ ಕೇಳಿದಳು.

"ಇಲ್ಲಿ ಸೈರನ್ನ ಇಲ್ಲ. ಗೇಟೂ ಇಲ್ಲ" ಅಂದೆ. ಈ ಮಾತು ಹೇಳಲೆಂದೇ ಅಷ್ಟು ದೂರ ಬಂದಿದ್ದೆ, ಎದೆ ಉಬ್ಬಿತು. ಅವಳ ಮುಖ ಮಾತ್ರ ಅರಳಲಿಲ್ಲ. ಯೋಚನೆಗೆ ಬಿದ್ದಳು.

ಅಪ್ಪ ಅವಳ ಮನಸ್ಸು ಹಗುರ ಮಾಡಲು ಗಾಳಿಮರದ ಕೋಲೊಂದು ತಂದು, ಬೀಗದ ಕೀಲಿಯಿಂದ ಗೀರಿ ನಾಲ್ಕು ಗೆರೆ ಮಾಡಿ, ನೀರಿನ ಅಂಚಿಗೆ ನೆಟ್ಟು ಬಂದರು. "ಅದು ನಿನ್ನ ಗೇಜ್. ಕಾಯಕೋತ ಕುಂಡ್ರು. ಸಂಜಿಮಟ ಒಂದು ಗೆರಿನೂ ಏರಂಗಿಲ್ಲ ನೋಡು." ಎಷ್ಟೋ ತಿಂಗಳ ಮೇಲೆ ಅವಳು ಗೇಜ್ ಕಡೆ ಕಣ್ಣು ಹಾಯಿಸಿದ್ದು ಅವತ್ತೇ. ರೊಟ್ಟಿ ತಿಂದು, ಚೀಲ ಹೊತ್ತುಕೊಂಡು ಮನೆಯವರು ಕೋಣೆ ವಿಚಾರಿಸಲು ಓಣಿಯ ಕಡೆ ಹೋದರು. ಅತ್ತೆ ಮೊಮ್ಮಗನನ್ನು ಪಕ್ಕಕ್ಕೆ ಹಾಕಿಕೊಂಡು ಕೌದಿಯ ಮೇಲೆ ಅಡ್ಡಾದರು. ರಾತ್ರಿಯೆಲ್ಲ ಬಸ್ಸಿನಲ್ಲಿ ಎಚ್ಚರವಿದ್ದವರಿಗೆ ಕೂಡಲೇ ನಿದ್ದೆ ಹತ್ತಿತು.

ನನಗೆ ನಿದ್ದೆಯೂ ಇಲ್ಲ, ಕೂರಲೂ ಆಗದು. ಮಗಳನ್ನು ನೀರಿಗೆ ಕರೆದೆ. ಬರಲಿಲ್ಲ. ಚಿಪ್ಪು ಆರಿಸೋಣ ಅಂದೆ. ಅದೂ ಬೇಡ. ಮೊಣಕಾಲಿಗೆ ಗದ್ದ ಊರಿ ತನ್ನ ಕೋಲನ್ನೇ ನೋಡುತ್ತ ಕೂತಳು. ತಾಸು ಕಳೆಯಿತು, ಒಂದೂವರೆ ತಾಸು ಕಳೆಯಿತು.

"ಅವ್ವಾ, ನಾಕೂ ಗೆರಿ ಮುಳಗ್ಯಾವ" ಅಂದಳು.

ನೋಡಿದೆ. ಕೋಲಿನ ತುದಿ ಅಷ್ಟೇ ಕಾಣುತ್ತಿತ್ತು, ಅದೂ ವಾಲಿತ್ತು. ಅಲೆಯ ಸದ್ದು ಮೊದಲಿಗಿಂತ ಹತ್ತಿರ ಅನ್ನಿಸಿತು. ಗಾಳಿ ಎದ್ದಿರಬೇಕು ಅಂದುಕೊಂಡೆ. "ಕೋಲು ಮರಳಾಗ ಇಳದೈತಿ."

"ಇಲ್ಲ, ನೀರು ಏರಾಕತ್ತೈತಿ."

"ಸೈರನ್ ಆಗಿಲ್ಲಲ್ಲ? ಸೈರನ್ ಆಗಲಾರದ ನೀರು ಹೆಂಗ ಏರತೈತಿ?" ಅಂದೆ. ನೀರಿಗೆ ಬರಲು ಒಲ್ಲೆ ಅನ್ನುವುದಕ್ಕೆ ಇದೊಂದು ನೆಪ ಅಂತಲೇ ನನಗೆ ಅನ್ನಿಸಿತು. "ನಿನ್ನ ಸಲುವಾಗಿ ಇಲ್ಲಿಮಟ ಬಂದೀನಿ. ಒಂದ ಸಲ ಕಾಲ ತೋಯಿಸ್ಕೋ ಬಾ. ನನ್ನ ಕೈ ಹಿಡ್ಕೋ."

ಕೈ ಚಾಚಿದೆ. ಅವಳು ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

ಆ ಕೈ ಬೆನ್ನ ಹಿಂದೆ ಹೋದದ್ದು ನೋಡಿ ನನಗೆ ತಡೆಯಲಾಗಲಿಲ್ಲ. ಏನೇನೋ ಅಂದೆ. ಹಟಮಾರಿ ಅಂದೆ, ಅಂಜುಬುರುಕಿ ಅಂದೆ, ನಿನ್ನಿಂದ ಎಲ್ಲ ಹಾಳಾಯಿತು ಅಂದೆ. ಅವಳು ಅಳಲಿಲ್ಲ. ಅದಕ್ಕೂ ಸಿಟ್ಟು ಬಂತು. ಆಯಿ ಹತ್ತಿರ ಬಿದ್ದಿರು, ಏಳಬೇಡ ಅಂತ ಹೇಳಿ, ದಂಡೆ ಹಿಡಿದು ಬಿರಬಿರನೆ ನಡೆದುಬಿಟ್ಟೆ. ಐದು ನಿಮಿಷ ಹೋಗಿ ಬರುತ್ತೇನೆ ಅಂದುಕೊಂಡಿದ್ದೆ. ಕರಿಯ ಬಂಡೆಗಳ ತನಕ ಹೋದೆ. ನಡೆಯುತ್ತಲೇ ಮನಸ್ಸು ಗೋಡೆಯ ಮೇಲಿನ ಪಟ್ಟಿಯನ್ನು ಮತ್ತೆ ಬರೆಯುತ್ತಿತ್ತು. ಕಾರವಾರಕ್ಕೆ ಹೋಗಿದ್ದರೆ ಮಕ್ಕಳು ಆಡುವ ಪಾರ್ಕ್ ಇರುತ್ತಿತ್ತೇನೋ. ಗೋಕರ್ಣವಾಗಿದ್ದರೆ ಅತ್ತೆಯಾದರೂ ಖುಷಿಪಡುತ್ತಿದ್ದರು. ಸಮುದ್ರದ ದಂಡೆಯ ಮೇಲೆ ನಿಂತು ನಾನು ಇನ್ನೊಂದು ಸಮುದ್ರ ಆರಿಸುತ್ತಿದ್ದೆ.

ಆಗ ಸೈರನ್ ಕೂಗಿತು.

ನಿಜ ಹೇಳುತ್ತೇನೆ, ನನ್ನ ಕಾಲುಗಳು ಮೊದಲು ಮೇಲಕ್ಕೆ ಓಡಿದವು, ಗಾಳಿಮರಗಳ ಕಡೆಗೆ. ತಲೆ ಏನನ್ನೂ ಕೇಳಲಿಲ್ಲ. ಕೂಗಿದರೆ ದಡ ಹತ್ತಬೇಕು, ಹತ್ತಿದೆ. ಇಪ್ಪತ್ತು ಹೆಜ್ಜೆ ಓಡಿದ ಮೇಲೆ ಇಲ್ಲಿ ಡ್ಯಾಮ್ ಇಲ್ಲ ಅನ್ನುವುದು ನೆನಪಾಯಿತು. ಮಕ್ಕಳು ಕೆಳಗಿದ್ದಾರೆ ಅನ್ನುವುದು ಅದರ ಹಿಂದೆ ನೆನಪಾಯಿತು. ಆ ಇಪ್ಪತ್ತು ಹೆಜ್ಜೆಗಳ ನಾಚಿಕೆ ಇವತ್ತಿಗೂ ಹೋಗಿಲ್ಲ.

ತಿರುಗಿ ನೋಡಿದರೆ ನಾಲ್ಕೆಕರೆ ಮರಳು ಇರಲಿಲ್ಲ. ಬರುವಾಗ ನಡೆದ ದಾರಿಯ ಮೇಲೆ ಅಲೆ ಹೊರಳುತ್ತಿತ್ತು. ಮಳೆಗಾಲ ಕಾಯುತ್ತಿದ್ದ ದೋಣಿ ನೆಟ್ಟಗೆ ಎದ್ದು ನಿಂತು ಹಗ್ಗ ಜಗ್ಗುತ್ತ ಆ ಕಡೆ ಈ ಕಡೆ ಹೊಯ್ದಾಡುತ್ತಿತ್ತು. ಓಡಿದೆ. ಸೀರೆ ಕಾಲಿಗೆ ಸುತ್ತಿಕೊಂಡು ಬಿದ್ದೆ, ಎದ್ದು ಮತ್ತೆ ಓಡಿದೆ. ಸೈರನ್ ಕೂಗುತ್ತಲೇ ಇತ್ತು, ನಮ್ಮಲ್ಲಿ ಹೊಡೆಯುವ ಹಾಗೆ, ಉದ್ದಕ್ಕೆ ಒಂದು, ತಡೆದು ಇನ್ನೊಂದು. ಹತ್ತಿರವಾದ ಹಾಗೆ ಅದು ಮಗುವಿನ ಗಂಟಲು ಅಂತ ಗೊತ್ತಾಯಿತು.

ಅತ್ತೆ ಮೇಲೆ ಗಾಳಿಮರದ ಬುಡದಲ್ಲಿ ಮಗನನ್ನು ಎದೆಗೆ ಅವಚಿಕೊಂಡು ನಿಂತಿದ್ದರು. ಸೀರೆ ಅರ್ಧ ತೊಯ್ದಿತ್ತು. ಮಗಳು ಅಲ್ಲಿರಲಿಲ್ಲ. ಮೊಣಕಾಲು ಮುಟ್ಟುವ ನೀರಿನಲ್ಲಿ, ನಾನು ಹೋದ ದಿಕ್ಕಿಗೆ ಮುಖ ಮಾಡಿ, ಎರಡೂ ಕೈ ಬಾಯಿಗೆ ಹಿಡಿದು ಕೂಗುತ್ತಿದ್ದಳು. ಬೆಳಗಿನ ಬುಟ್ಟಿಯ ಹೆಂಗಸು ಹಿಂದಿನಿಂದ ಅವಳ ಫ್ರಾಕನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದಿದ್ದಳು. "ಮೇಲೆ ಬಾ ಅಂದ್ರೆ ಬರೂದಿಲ್ಲ ಈ ಹುಡುಗಿ" ಅಂದಳು ನನಗೆ. ನಾನು ಬಂದು ನಿಂತ ಮೇಲೆಯೇ ಮಗಳು ಕೈ ಇಳಿಸಿದ್ದು. ಮುಖ ಕೆಂಪಾಗಿತ್ತು, ದನಿ ಒಡೆದಿತ್ತು.

ನಾಲ್ಕು ಹೆಜ್ಜೆ ಆಚೆ ಕೌದಿ ತೇಲುತ್ತಿತ್ತು, ರೊಟ್ಟಿಯ ಗಂಟನ್ನು ಬೆನ್ನ ಮೇಲೆ ಹೊತ್ತುಕೊಂಡು. ಕೈ ಚಾಚಿ ಒಂದು ಸಲ ಹಾರಿದ್ದರೆ ಸಿಗುತ್ತಿತ್ತು. ನಾನು ಅದರ ಕಡೆ ಹೋಗಲಿಲ್ಲ. ಮಗಳನ್ನು ಎರಡೂ ಕೈಯಿಂದ ಎತ್ತಿಕೊಂಡು ಮೇಲೆ ಬಂದೆ.

"ಭೋಂಗಾ ಕೇಳಿ ಎದ್ದೆ ಯವ್ವಾ" ಅಂದರು ಅತ್ತೆ. ಸೈರನ್‌ಗೆ ಅವರು ಭೋಂಗಾ ಅನ್ನುತ್ತಿದ್ದರು. "ಹೊಳಿಗೆ ನೀರು ಬಿಟ್ರು ಅಂತ ಕೂಸಿನ್ನ ಎತ್ತಿಕೊಂಡು ಓಡಿದೆ. ಮ್ಯಾಲೆ ಬಂದು ಹೊಳ್ಳಿ ನೋಡ್ತೀನಿ, ಮಲಗಿದ್ದ ಜಾಗಾನ ಇಲ್ಲ." ಯಾರಾದರೂ ಹೆಸರು ಹಿಡಿದು ಕರೆದಿದ್ದರೆ ಅವರು ಮಗ್ಗಲು ಬದಲಿಸಿ ಮತ್ತೆ ಮಲಗುತ್ತಿದ್ದರು. ಮೂವತ್ತು ವರ್ಷ ಕಾಲೊನಿಯಲ್ಲಿದ್ದ ಜೀವ, ಆ ಒಂದು ಸದ್ದಿಗೆ ಮಾತ್ರ ನಿದ್ದೆಯಲ್ಲೂ ಏಳುತ್ತದೆ.

ಮನೆಯವರು ಕೋಣೆ ಸಿಕ್ಕಿತು ಅಂತ ನಗುತ್ತ ಬಂದವರು ನಮ್ಮನ್ನು ನೋಡಿ ನಿಂತುಬಿಟ್ಟರು. ಬುಟ್ಟಿಯ ಹೆಂಗಸು ಅವರಿಗೂ ಹೇಳಿದಳು, ನೀರು ದಿನಾ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ, ಅಮಾವಾಸ್ಯೆ ಹುಣ್ಣಿಮೆಗೆ ಎಲ್ಲಕ್ಕಿಂತ ಹೆಚ್ಚು ಅಂತ.

"ದಿನಾ? ಯಾರೂ ನೀರು ಬಿಡಲಾರದ?" ಅಂದರು ಮನೆಯವರು.

"ನೀರ ಓದಾಂವ ನನ ಮಗ" ಅಂದರು ಅತ್ತೆ, ಆಕಾಶ ನೋಡಿ. ಅವರ ಅಮಾವಾಸ್ಯೆಯ ಸುದ್ದಿಯನ್ನು ಯಾರೂ ಎತ್ತಲಿಲ್ಲ.

ನಾನು ಆ ಹೆಂಗಸಿನ ಕೈ ಹಿಡಿದು ತಪ್ಪಾಯಿತು ಅಂದೆ. "ಹೋಗ್ಲಿ ಬಿಡಿ. ಹುಡುಗಿಗೆ ಬಿಸಿ ಏನಾದ್ರೂ ಕುಡಿಸಿ" ಅಂತ ಬುಟ್ಟಿ ಎತ್ತಿಕೊಂಡಳು.

ಮಗಳ ಪಕ್ಕ ಕೂತೆ. ಅವತ್ತು ಮೊದಲ ಸಲ ನನ್ನ ಕಾಲು ಎಲ್ಲಿಗೂ ಹೋಗೋಣ ಅನ್ನಲಿಲ್ಲ. "ಸೈರನ್ ಯಾಕ ಹೊಡದಿ?" ಅಂತ ಕೇಳಿದೆ.

"ನೀನ ಹೇಳಿದ್ಯಲ್ಲ, ಸೈರನ್ ಆಗಬೇಕು ಅಂತ. ಯಾರೂ ಹೊಡೀಲಿಲ್ಲ. ಅದಕ್ಕ ನಾನ ಹೊಡದೆ."

"ಆಯಿ ಎದ್ದು ಮ್ಯಾಲೆ ಬಂದಿದ್ಲಲ್ಲ. ಮತ್ತ ನೀ ಯಾಕ ನೀರಾಗ ನಿಂತಿದ್ದಿ?"

"ನೀ ಇನ್ನೂ ಬಂದಿದ್ದಿಲ್ಲ" ಅಂದಳು.

ನನಗೆ ಅಳು ಬಂತು. ಗಾಳಿಮರದ ಕೆಳಗೆ, ಗಂಡ, ಅತ್ತೆ ಎಲ್ಲರ ಮುಂದೆ ಅತ್ತುಬಿಟ್ಟೆ. ಎಂಟು ತಿಂಗಳು ಬಾಯಿಗೆ ಬಾರದಿದ್ದ ಮಾತು ಆಗ ಬಂತು. "ಅವತ್ತು ಹೊಳಿಯಾಗ ನಾ ಕೌದಿ ಬಿಡಬೇಕಿತ್ತು. ನಿನ್ನ ಎತ್ತಿಕೋಬೇಕಿತ್ತು. ಕೌದಿ ತೇಲಿ ಹೊಕ್ಕೈತಿ ಅಂತ ನಿನ್ನ ಕೈ ಜಗ್ಗಿದೆ." ಮಗಳು ನೀರಿನ ಕಡೆ ನೋಡಿದಳು. "ಈಗ ಕೌದಿ ಎಲ್ಲೈತಿ?"

"ಹೋತು."

"ಹೋತಾ?" ಅವಳಿಗೆ ಅದು ನಂಬಲಾಗದ ಸುದ್ದಿಯಾಗಿತ್ತು.

ಮಧ್ಯಾಹ್ನ ಬಲೆ ಎಳೆಯುವವರಿಗೆ ಕೌದಿ ಸಿಕ್ಕಿತು, ರೊಟ್ಟಿ ಸಿಗಲಿಲ್ಲ. ಊರಿಗೆ ತಂದು ಎಷ್ಟು ಸಲ ಒಗೆದರೂ ಉಪ್ಪು ಬಿಡಲಿಲ್ಲ. ಮಳೆಗಾಲ ಬಂದರೆ ಇವತ್ತಿಗೂ ಅದು ತನ್ನಷ್ಟಕ್ಕೆ ಹಸಿಯಾಗುತ್ತದೆ.

ಸಂಜೆ ಐದರ ಹೊತ್ತಿಗೆ ನೀರು ಮತ್ತೆ ಹಿಂದೆ ಸರಿದಿತ್ತು. ಮನೆಯವರು ಹೊಸ ಕೋಲು ನೆಟ್ಟು, ಅದರ ಪಕ್ಕ ಕೂತು, ಪ್ರತಿ ಹತ್ತು ನಿಮಿಷಕ್ಕೆ ಗಡಿಯಾರ ನೋಡುತ್ತಿದ್ದರು. ನಾನು ಒದ್ದೆ ಮರಳಿನ ಮೇಲೆ ಸುಮ್ಮನೆ ನಿಂತಿದ್ದೆ. ಬಾ ಅಂತ ಕರೆಯಲಿಲ್ಲ. ಕೈ ಚಾಚಲಿಲ್ಲ. ಮಗಳು ಓಡಿ ಬಂದು ಅಭ್ಯಾಸದಂತೆ ನನ್ನ ಬಲಕ್ಕೆ ನಿಂತಳು. ಸ್ವಲ್ಪ ಹೊತ್ತು ಅಲ್ಲೇ ಇದ್ದಳು. ಆಮೇಲೆ ನನ್ನ ಹಿಂದಿನಿಂದ ಸುತ್ತು ಹಾಕಿ ಎಡಕ್ಕೆ ಬಂದಳು. ಬಲಗೈ ಮೇಲೆತ್ತಿದಳು.

"ಜಗ್ಗಬ್ಯಾಡ ಮತ್ತ" ಅಂದಳು.

"ಜಗ್ಗಂಗಿಲ್ಲ" ಅಂದೆ.

ಆ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿಯಬೇಕೋ ನನಗೆ ತಿಳಿಯದೆ ಬೆರಳುಗಳನ್ನು ಸಡಿಲ ಬಿಟ್ಟೆ. ಅವಳೇ ಗಟ್ಟಿಯಾಗಿ ಹಿಡಿದುಕೊಂಡು ನೀರಿನ ಕಡೆ ಜಗ್ಗಿದಳು. ಅವಳು ಜಗ್ಗಿದ ಕಡೆಗೆ ನಾನು ಹೋದೆ.